ಪೆಡಲಿಗೆ ಕಟ್ಟಿದ ತೊಗರಿ ಚೀಲ

ನಮ್ಮ ಮನೆಗೆ ಬಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು: ಸೈಕಲ್ಲನ್ನು ಪಡಸಾಲೆಯಲ್ಲಿ ಯಾಕೆ ಇಟ್ಟಿದ್ದೀರಿ, ಹೊರಗೆ ಜಾಗ ಇಲ್ಲವೇ? ಜಾಗಕ್ಕೇನು, ಬೇಕಾದಷ್ಟಿದೆ. ಆದರೆ ಆ ಸೈಕಲ್ಲಿನ ಎಡ ಪೆಡಲು ಕೂಡಿಸಿದ ಉಕ್ಕಿನ ತೋಳಿನಲ್ಲಿ ಒಂದು ಪುಟ್ಟ ಯಂತ್ರ ಕೂತಿದೆ. ಅದಕ್ಕೆ ಬಿಸಿಲು ಆಗಿಬರುವುದಿಲ್ಲ. ಸೇಡಂನ ಬಿಸಿಲು ಯಾರಿಗೆ ಆಗಿಬರುತ್ತದೆ ಎಂದು ನೀವು ಕೇಳಬಹುದು. ನಾವು ಹುಟ್ಟಿದ್ದೇ ಅದರಲ್ಲಿ, ನಮ್ಮನ್ನು ಯಾರೂ ಕೇಳಲಿಲ್ಲ. ಯಂತ್ರ ಹೊರಗಿನಿಂದ ಬಂದದ್ದು, ಅದರ ಮರ್ಜಿ ಕಾಯಬೇಕು.

ಅದರ ಹೆಸರು ಪವರ್ ಮೀಟರ್. ನಾವು ಪೆಡಲನ್ನು ಎಷ್ಟು ಜೋರಿನಿಂದ ತುಳಿಯುತ್ತೇವೆ ಎಂಬುದನ್ನು ಅಳೆದು, ಹ್ಯಾಂಡಲಿನ ಮೇಲಿನ ಸಣ್ಣ ಡಬ್ಬಿಯಲ್ಲಿ ವ್ಯಾಟ್ ಲೆಕ್ಕದಲ್ಲಿ ತೋರಿಸುತ್ತದೆ. ವ್ಯಾಟ್ ಎಂದರೆ ಬೇರೇನಲ್ಲ, ಬಲ್ಬಿನ ಮೇಲೆ ಬರೆದಿರುತ್ತದಲ್ಲ, ಅದೇ. ನಾನು ಹುಟ್ಟಿ ಬೆಳೆದದ್ದು ವಾಡಿ ಹತ್ತಿರದ ರಾವೂರಿನಲ್ಲಿ. ಅಲ್ಲಿ ನಮ್ಮ ಮನೆಗೆಲ್ಲ ಸೇರಿ ಒಂದೇ ಬಲ್ಬು, ನಲವತ್ತರದು. ಅಪ್ಪ ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಕಿಂಡಿ ಕೊರೆದು ಅದನ್ನು ಅಲ್ಲಿ ಕೂಡಿಸಿದ್ದರು. ಅರ್ಧ ಬೆಳಕಿನಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಉಳಿದರ್ಧದಲ್ಲಿ ನಾನೂ ಅಣ್ಣನೂ ಮಗ್ಗಿ ಹೇಳುತ್ತಿದ್ದೆವು. ಓಣಿಯಲ್ಲಿ ಅರವತ್ತರ ಬಲ್ಬು ಹಾಕಿಸಿದವರನ್ನು ನಾವು ಸಾಹುಕಾರರೆಂದೇ ತಿಳಿದಿದ್ದೆವು. ಈಗ ಡಾಕ್ಟರು ನನಗೆ ಕೊಟ್ಟಿರುವ ಪರವಾನಗಿ ಎಂಬತ್ತು ವ್ಯಾಟಿನದು. ಅಂದರೆ ಅಂಥ ಎರಡು ಬಲ್ಬು ಉರಿಯುವಷ್ಟು. ನಮ್ಮ ಮನೆತನದಲ್ಲಿ ಇದು ಪ್ರಗತಿಯೇ.

ಡಾಕ್ಟರು ಯಾಕೆ ಬಂದರು ಎಂದು ಹೇಳಬೇಕು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹೋದ ವರ್ಷ ಬೋರ್ಡಿನ ಮೇಲೆ ಸಮೀಕರಣವೊಂದನ್ನು ಬಿಡಿಸುತ್ತಿದ್ದಾಗ ಎದೆ ಹಿಡಿದುಕೊಂಡಿತು. ಸಮೀಕರಣ ಅರ್ಧಕ್ಕೇ ಉಳಿಯಿತು, ನನ್ನನ್ನು ಕಲಬುರಗಿಗೆ ಕರೆದೊಯ್ದರು, ರಕ್ತನಾಳದಲ್ಲಿ ಸ್ಟೆಂಟ್ ಕೂಡಿಸಿದರು. ವಾಪಸು ಬರುವಾಗ ನಾನು ಸುನಂದಾ ಟೀಚರ್ ಆಗಿ ಉಳಿದಿರಲಿಲ್ಲ. ಪೇಶಂಟ್ ಆಗಿದ್ದೆ. ಬಚ್ಚಲ ಮನೆಯ ಚಿಲಕ ಹಾಕಿಕೊಳ್ಳಕೂಡದು. ಒಬ್ಬಳೇ ಬಜಾರಿಗೆ ಹೋಗಕೂಡದು. ಸೇಡಂನಿಂದ ಚಿತ್ತಾಪುರದವರೆಗಿನ ನೆಂಟರೆಲ್ಲ ಬಂದು ಎದೆಯ ಬಗ್ಗೆ ತಮಗೆ ತಿಳಿದದ್ದನ್ನೆಲ್ಲ ಹೇಳಿ ಚಹಾ ಕುಡಿದು ಹೋದರು. ಇವರು, ಅಂದರೆ ನಮ್ಮ ಮನೆಯವರು, ನನ್ನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಶಾಲೆಗೆ ಬಿಟ್ಟು ಬರತೊಡಗಿದರು. ಗೇಟಿನ ಹತ್ತಿರ ಹುಡುಗಿಯರು ನನ್ನ ಕೈಯಿಂದ ಚೀಲ ಇಸಿದುಕೊಳ್ಳುತ್ತಿದ್ದರು. ಅವರ ಪ್ರೀತಿಗೆ ನಾನು ಕೃತಜ್ಞಳೇ, ಆದರೆ ಒಳಗೊಳಗೆ ಸಿಟ್ಟು ಬರುತ್ತಿತ್ತು.

ನನಗಿದ್ದದ್ದು ಒಂದೇ ಆಸೆ. ಸೈಕಲ್ ತುಳಿದುಕೊಂಡು ರಾವೂರಿಗೆ ಹೋಗಬೇಕು. ಒಬ್ಬಳೇ.

ಸೈಕಲ್ಲು ನನಗೆ ಹೊಸದಲ್ಲ. ಅಣ್ಣ ಮಲ್ಲಣ್ಣನ ದೊಡ್ಡ ಸೈಕಲ್ಲಿನ ನಡುವೆ ಕಾಲು ತೂರಿಸಿ ಕೈಂಚಿ ಹೊಡೆಯುತ್ತಲೇ ಕಲಿತವಳು ನಾನು. ನಾನು ಬಹಳ ಹಗುರ, ಅದಕ್ಕೇ ಸೈಕಲ್ಲು ವಾಲುತ್ತದೆ ಎಂದು ಅಣ್ಣ ಒಂದು ತರ್ಕ ಹೂಡಿದ. ಗಣಿಯ ಬದಿಗೆ ಬಿದ್ದಿದ್ದ ಶಹಾಬಾದಿ ಕಲ್ಲಿನ ಚೂರೊಂದನ್ನು ತಂದು ಹಿಂದಿನ ಕ್ಯಾರಿಯರಿಗೆ ಬಿಗಿದ. ಸೈಕಲ್ಲು ವಾಲುವುದು ಬಿಡಲಿಲ್ಲ. ಮೊದಲು ನಾನೊಬ್ಬಳೇ ಬೀಳುತ್ತಿದ್ದೆ, ಆಮೇಲೆ ಕಲ್ಲೂ ಸೈಕಲ್ಲೂ ನನ್ನ ಮೇಲೆ ಬೀಳತೊಡಗಿದವು. ತೂಕದ ವಿಷಯದಲ್ಲಿ ನಮ್ಮ ತವರಿನವರ ಬುದ್ಧಿ ಹೇಗೆ ಓಡುತ್ತದೆ ಎಂಬುದು ನನಗೆ ಆಗಲೇ ಗೊತ್ತಾಗಬೇಕಿತ್ತು.

ಡಾಕ್ಟರು ಒಳ್ಳೆಯ ಮನುಷ್ಯ, ನಮ್ಮ ಕಡೆಯವರೇ. ನನ್ನ ಆಸೆ ಕೇಳಿ ನಗಲಿಲ್ಲ. ನಿಂತಲ್ಲೇ ನಿಲ್ಲುವ ಸೈಕಲ್ಲಿನ ಮೇಲೆ ಕೂಡಿಸಿ, ಮೈತುಂಬ ತಂತಿ ಅಂಟಿಸಿ ತುಳಿಸಿದರು. ಆಮೇಲೆ ಹೇಳಿದರು, "ಟೀಚರ್, ನೀವು ತಗೊಳ್ಳೋ ಗುಳಿಗಿ ಎದಿ ಬಡಿತ ಏರಸಲಿಕ್ಕೇ ಬಿಡಲ್ಲ. ಹಿಂಗಾಗಿ ನಾಡಿ ನೋಡಿ ಅಂದಾಜ ಮಾಡಬ್ಯಾಡ್ರಿ. ಕಾಲಿನ ಬಲ ಅಳೀರಿ. ಸದ್ಯಕ್ಕ ಎಂಬತ್ತು ವ್ಯಾಟ್ ದಾಟಬ್ಯಾಡ್ರಿ. ದಸರಾ ಆದ ಮ್ಯಾಲ ಮತ್ತ ನೋಡೋಣು. ಎಂಬತ್ತರಾಗ ದಮ್ ಹತ್ತಲಾರ್ದ ಆರಾಮ ಹೊಡೀತೀರಿ ಅಂದ್ರ ರಾವೂರಿಗಿ ಹೋಗ್ರಿ, ನಾ ಬ್ಯಾಡ ಅನ್ನಲ್ಲ."

ಇವರು ಅಲ್ಲಿಂದ ಎದ್ದದ್ದೇ ಪವರ್ ಮೀಟರ್ ಹುಡುಕಲು. ಆದಿತ್ಯನಗರದಲ್ಲಿ, ಸಿಮೆಂಟ್ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು ಇವರು. ಯಾವ ವಸ್ತುವಿನ ಜೊತೆ ಬಂದ ಸೂಚನೆಯ ಚೀಟಿಯನ್ನೂ ಓದದೆ ಬಿಡುವವರಲ್ಲ. ಕುಕ್ಕರಿನದು, ಕೆಮ್ಮಿನ ಔಷಧದ್ದು, ಎಲ್ಲವನ್ನೂ ಕನ್ನಡಕ ಏರಿಸಿ ಗಟ್ಟಿಯಾಗಿ ಓದುತ್ತಾರೆ. ಶಹಾಬಾದಿನಲ್ಲಿ ಇವರ ಗೆಳೆಯರೊಬ್ಬರು ಹಿಂದೆ ಸೈಕಲ್ ಪಂದ್ಯಗಳಿಗೆ ಹೋಗುತ್ತಿದ್ದವರು. ತಮ್ಮ ಹಳೆಯ ಮೀಟರನ್ನು ಅವರೇ ತಂದು ನನ್ನ ಸೈಕಲ್ಲಿಗೆ ಹಾಕಿಕೊಟ್ಟರು.

ಮೊದಲ ದಿನ ಅಂಗಳದ ಮುಂದೆ ಒಂದು ಸುತ್ತು ಹಾಕಿದೆ. ಡಬ್ಬಿ ನೂರಾ ತೊಂಬತ್ತು ತೋರಿಸಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ಇವರು ಮಾತ್ರ ಬೆವತು, "ಇಳಿ, ಮದಲ ಇಳಿ" ಎಂದು ಸೀಟು ಹಿಡಿದು ನಿಲ್ಲಿಸಿದರು. ಇಳಿದು ಸೈಕಲ್ಲನ್ನು ಗೋಡೆಗೆ ಆನಿಸಿದ ಮೇಲೂ ಮೀಟರು ತಾನೇ ತುಳಿಯುತ್ತಿರುವ ಹಾಗೆ ಏನೋ ಬಲ ತೋರಿಸುತ್ತಲೇ ಇತ್ತು. ಆಗ ಚೀಟಿ ಓದುವ ಕಾರ್ಯಕ್ರಮ ಶುರುವಾಯಿತು.

ತಪ್ಪು ನಮ್ಮದೇ. ವಾಡಿಯ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹೆಂಗಸರು ತೂಗುವ ಮೊದಲು ಖಾಲಿ ತಕ್ಕಡಿಯನ್ನು ಎತ್ತಿ ತೋರಿಸುತ್ತಿದ್ದರು. ಒಂದು ತಟ್ಟೆ ಮೇಲೆ ಹೋದರೆ ಅದಕ್ಕೊಂದು ಹರಳು ಕಟ್ಟಿ ಸಮ ಮಾಡುತ್ತಿದ್ದರು. ಅವ್ವ ಅದನ್ನು ನೋಡದೆ ಒಂದು ಬದನೆಕಾಯಿಯನ್ನೂ ಕೊಂಡವಳಲ್ಲ. ಮೀಟರಿಗೂ ಅದೇ ನ್ಯಾಯ. ಪೆಡಲಿನ ಮೇಲೆ ಕಾಲಿಲ್ಲದಾಗ ಅದರ ಲೆಕ್ಕ ಸೊನ್ನೆ ಎಂದು ಅದಕ್ಕೆ ಮೊದಲು ಹೇಳಬೇಕು. ಪೆಡಲನ್ನು ನೆಟ್ಟಗೆ ಕೆಳಗೆ ಮಾಡಿ, ಏನನ್ನೂ ತಾಗಿಸದೆ, ಮೊಬೈಲಿನಲ್ಲಿ ಒಂದು ಗುಂಡಿ ಒತ್ತಬೇಕು. ನಾವು ಹಾಗೇ ಒತ್ತಿದ್ದೆವು, ಆದರೆ ಕೂಲರಿನ ತಂಪು ಗಾಳಿಯ ಮುಂದೆ. ಬೇಸಿಗೆಯ ಬಿಸಿಲಿಗೆ ತಂದ ಕೂಡಲೇ ಉಕ್ಕು ಹಿಗ್ಗಿ, ನಾವು ಕಲಿಸಿದ ಸೊನ್ನೆಯನ್ನು ಯಂತ್ರ ಮರೆತುಬಿಟ್ಟಿತ್ತು. ಸೈಕಲ್ಲನ್ನು ಹೊರಗಿನ ನೆರಳಿನಲ್ಲಿ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಟ್ಟು ಮತ್ತೆ ಗುಂಡಿ ಒತ್ತಿದೆವು. ನೂರಾ ತೊಂಬತ್ತರ ನನ್ನ ವೈಭವ ಅರವತ್ತಕ್ಕೆ ಇಳಿಯಿತು.

ಇವರಿಗೆ ಅಷ್ಟಕ್ಕೇ ಸಮಾಧಾನ ಆಗಲಿಲ್ಲ. "ಸೊನ್ನಿ ಏನೋ ಬರೊಬ್ಬರಿ ಆಯ್ತು. ಆದ್ರ ಇಪ್ಪತ್ತು ಕಿಲೋ ಒತ್ತಿದ್ರ ಇಪ್ಪತ್ತೇ ಅಂತದೋ, ಹದಿನೆಂಟು ಅಂತದೋ? ಇದು ಎದಿ ಮಾತು ಸುನಂದಾ, ಅಂದಾಜಿನ ಮ್ಯಾಲ ನಡಿಯಲ್ಲ." ಚೀಟಿಯಲ್ಲಿ ಅದಕ್ಕೂ ಉಪಾಯವಿತ್ತು. ಪೆಡಲನ್ನು ಅಡ್ಡಕ್ಕೆ ಮಾಡಿ, ಬ್ರೇಕು ಬಿಗಿದು, ಸರಿಯಾಗಿ ತೂಕ ಗೊತ್ತಿರುವ ಭಾರವನ್ನು ತೂಗುಹಾಕಬೇಕು. ಆ ತೂಕವನ್ನು ಮೊಬೈಲಿನಲ್ಲಿ ಬರೆದರೆ ಯಂತ್ರ ತನ್ನ ಅಳತೆಯನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತದೆ.

ಸರಿಯಾಗಿ ತೂಕ ಗೊತ್ತಿರುವ ಭಾರ ಎಂದ ಕೂಡಲೇ ನನಗೆ ನೆನಪಾದದ್ದು ಅಣ್ಣ. ರಾವೂರಿನಲ್ಲಿ ಹೊಲ ನೋಡಿಕೊಂಡಿರುವ ಮಲ್ಲಣ್ಣನ ತಕ್ಕಡಿ ಎಂದರೆ ಸುತ್ತಿನ ನಾಲ್ಕು ಊರಿಗೆ ನಂಬಿಕೆ. ಅಳತೆ ಇಲಾಖೆಯ ಮುದ್ರೆ ತಪ್ಪದೆ ಹಾಕಿಸುತ್ತಾನೆ, ಹಬ್ಬಕ್ಕೆ ಅದಕ್ಕೂ ಕುಂಕುಮ ಹಚ್ಚುತ್ತಾನೆ. ಹೇಗೂ ವರ್ಷದ ತೊಗರಿ ಅವನಿಂದಲೇ ಬರಬೇಕಿತ್ತು. ಫೋನ್ ಮಾಡಿ, ಚೀಲದ ತೂಕವೂ ಸೇರಿ ಸರಿಯಾಗಿ ಇಪ್ಪತ್ತು ಕಿಲೋ ಕಳಿಸು ಎಂದೆ. ಇವರು ಪ್ಯಾಸೆಂಜರ್ ರೈಲಿಗೆ ಹೋಗಿ ತಂದರು. ಹೊಸ ಗೋಣಿಚೀಲ, ಬಾಯಿ ಬಿಗಿಯಾಗಿ ಹೊಲಿದದ್ದು.

ಅಣ್ಣ ಫೋನಿನಲ್ಲಿ, "ನಾನೇ ಕೈಯಾರೆ ತೂಗೀನಿ. ಇಪ್ಪತ್ತು ಅಂದ್ರ ಇಪ್ಪತ್ತು. ಒಂದು ಕಾಳ ಹೆಚ್ಚಿಲ್ಲ, ಒಂದು ಕಾಳ ಕಡಿಮಿ ಇಲ್ಲ" ಎಂದ.

ಇವರು ಸೊಂಟ ಹಿಡಿದುಕೊಂಡು, "ಇಪ್ಪತ್ತು ಕಿಲೋ ಇಷ್ಟು ವಜ್ಜ ಇರ್ತದಂತ ಮರ್ತೇ ಹೋಗಿತ್ತು ನೋಡು" ಎಂದರು. ಸ್ಟೋರ್ಸಿನಲ್ಲಿ ಜೀವಮಾನವೆಲ್ಲ ಭಾರದ ನಡುವೆ ಕಳೆದವರ ಬಾಯಿಂದ ಬಂದ ಆ ಮಾತನ್ನು ನಾನು ವಯಸ್ಸಿನ ಲೆಕ್ಕಕ್ಕೆ ಹಾಕಿ ನಕ್ಕೆ. ಎದುರಿನ ಕಿರಾಣಿ ಅಂಗಡಿಯಲ್ಲಿ ಇನ್ನೊಮ್ಮೆ ತೂಗಿಸಬಹುದಿತ್ತು. ಆದರೆ ಅಣ್ಣ ತೂಗಿ ಕಳಿಸಿದ್ದನ್ನು ಬೇರೆ ತಕ್ಕಡಿಗೆ ಹಾಕುವುದೇ? ಆ ಸುದ್ದಿ ರಾವೂರಿಗೆ ಮುಟ್ಟಿದರೆ ಅವನು ನಮ್ಮ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ನನಗೂ ಅದು ಮನಸ್ಸಿಗೆ ಬರಲಿಲ್ಲ.

ಸೈಕಲ್ಲನ್ನು ಮನೆಯ ಮುಂದಿನ ಕಟ್ಟೆಯ ಅಂಚಿಗೆ ನಿಲ್ಲಿಸಿ, ಪೆಡಲು ಹೊರಕ್ಕೆ ಚಾಚುವಂತೆ ಮಾಡಿ, ಹಗ್ಗದಲ್ಲಿ ಚೀಲ ತೂಗಿಬಿಟ್ಟೆವು. ಇವರು ಮುಂದಿನ ಗಾಲಿ ಹಿಡಿದುಕೊಂಡರು, ನಾನು ಮೊಬೈಲು. ಹಾದು ಹೋಗುತ್ತಿದ್ದ ಪಕ್ಕದ ಮನೆಯ ಶಾಂತಾಬಾಯಿ ನಿಂತು ನೋಡಿ, "ಯಾಕ್ರೀ ಟೀಚರ್, ತೊಗರಿಗಿ ಇಲಿ ಹತ್ತಿದ್ವೇನು?" ಎಂದರು. ಕ್ಯಾಲಿಬ್ರೇಶನ್ ಎಂದು ಹೇಳುವ ಧೈರ್ಯ ಬರದೆ, ಹೌದ್ರೀ, ಭಾಳ ಇಲಿ ಎಂದೆ. ಇಪ್ಪತ್ತು ಎಂದು ಬರೆದೆ. ಯಂತ್ರ ಒಪ್ಪಿಕೊಂಡಿತು. ಇನ್ನು ಲೆಕ್ಕದಲ್ಲಿ ತಪ್ಪಿಲ್ಲ ಎಂದು ಇಬ್ಬರೂ ಚಹಾ ಕುಡಿದೆವು.

ಮಳೆಗಾಲ ಬಂತು. ಬೆಳಿಗ್ಗೆ ಶಾಲೆಗೆ ಮೊದಲು ಆಡಕಿಯ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬರುವುದು ರೂಢಿಯಾಯಿತು. ಇವರು ಹಾಲು ತರುವ ನೆಪದಲ್ಲಿ ಸ್ಕೂಟರ್ ಹತ್ತಿ ನನ್ನ ಹಿಂದೆ ದೂರದಿಂದ ಬರುತ್ತಿದ್ದರು. ಹಾಲಿನವನು ನಮ್ಮ ಓಣಿಯಲ್ಲೇ ಇದ್ದಾನೆ ಎಂಬುದು ನನಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದರು. ಆ ಸ್ಕೂಟರಿನ ಫಟ್ ಫಟ್ ಸದ್ದು ನನ್ನ ಬೆನ್ನಿಗೆ ಅಂಟಿಕೊಂಡೇ ಇರುತ್ತಿತ್ತು.

ಆಗ ನನಗೊಂದು ಭಯ ಶುರುವಾಯಿತು. ಮೀಟರು ಎಪ್ಪತ್ತೈದು ತೋರಿಸುವಾಗಲೇ ನನಗೆ ದಮ್ಮು ಹತ್ತುತ್ತಿತ್ತು. ಎಂಬತ್ತರ ಹತ್ತಿರ ಬಂದರೆ ಮಾತಾಡಲು ಆಗುತ್ತಿರಲಿಲ್ಲ. ಡಾಕ್ಟರ ಮುಂದೆ ಅಷ್ಟೇ ಬಲಕ್ಕೆ ನಾನು ಹರಟೆ ಹೊಡೆಯುತ್ತ ತುಳಿದಿದ್ದೆ. ಹಾಗಾದರೆ ಈ ಕೆಲವೇ ತಿಂಗಳಲ್ಲಿ ಏನಾಯಿತು? ಗಣಿತದವಳಿಗೆ ಉತ್ತರ ಒಂದೇ ಹೊಳೆಯಿತು. ಸೊನ್ನೆ ಸರಿಯಿದೆ, ತೂಕ ಸರಿಯಿದೆ, ಅಂದರೆ ಅಂಕಿ ಸರಿಯಿದೆ. ತಪ್ಪಿರುವುದು ನಾನು. ಎದೆ ಸೋಲುತ್ತಿದೆ. ಇದನ್ನು ಇವರಿಗೆ ಹೇಗೆ ಹೇಳಲಿ? ಗುಳಿಗೆ ನುಂಗುವಾಗ ಅಳು ಬರುತ್ತಿತ್ತು. ದಸರಾ ಹತ್ತಿರ ಬಂದಂತೆ ರಾವೂರಿನ ಮಾತೆತ್ತುವುದನ್ನೇ ಬಿಟ್ಟೆ. ಇವರೂ ಎತ್ತಲಿಲ್ಲ. ಯಾವಾಗ ನೋಡಿದರೂ ಗುಳಿಗೆಗಳ ಚೀಟಿ ಹಿಡಿದುಕೊಂಡು ಕೂತಿರುತ್ತಿದ್ದರು, ಗಟ್ಟಿಯಾಗಿ ಓದುವುದನ್ನು ಮಾತ್ರ ನಿಲ್ಲಿಸಿದ್ದರು.

ಒಂದು ರವಿವಾರ ಡಬ್ಬಿಯಲ್ಲಿ ಬೇಳೆ ಮುಗಿದಿತ್ತು. ಚೀಲದ ಕೆಲಸ ಹೇಗೂ ಆಗಿದೆ, ತೊಗರಿಯನ್ನು ಗಿರಣಿಗೆ ಹಾಕಿಸಿ ಬೇಳೆ ಮಾಡಿಸೋಣ ಎಂದು ಹೊಲಿಗೆ ಬಿಚ್ಚಲು ಕೂತೆ. ಅರ್ಧ ಬಾಯಿ ಸುತಳಿಯಿಂದ ಹೊಲಿದಿತ್ತು, ಇನ್ನರ್ಧ ನೀಲಿ ದಾರದಿಂದ. ಅಣ್ಣ ನೀಲಿ ದಾರ ಎಲ್ಲಿಂದ ತಂದ ಎಂದುಕೊಳ್ಳುತ್ತ ಬಿಚ್ಚಿ, ತೊಗರಿಯನ್ನು ಬುಟ್ಟಿಗೆ ಸುರಿದೆ. ಕಾಳಿನ ಜೊತೆ ಬಟ್ಟೆಯಲ್ಲಿ ಸುತ್ತಿದ ಬೆಲ್ಲದ ಮುದ್ದೆಯೊಂದು ಧೊಪ್ಪೆಂದು ಬಿತ್ತು. ಹಿಂದೆಯೇ ಕೊಬ್ಬರಿ ಬಟ್ಟಲು. ಆಮೇಲೆ ಅರಿಶಿನ ಕೊಂಬು, ಮಡಿಚಿದ ಕುಪ್ಪಸದ ಖಣ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಹಿಂಡಿಯ ವಾಸನೆಗೆ ಇವರು ಒಳಗಿನಿಂದ ಎದ್ದು ಬಂದರು.

ಬುಟ್ಟಿಯನ್ನು ನೋಡಿದರು. ಪಡಸಾಲೆಯ ಸೈಕಲ್ಲನ್ನು ನೋಡಿದರು. "ಇದೆಲ್ಲಾ ಇಪ್ಪತ್ತರಾಗ ಅದ ಏನು?" ಎಂದರು ಮೆಲ್ಲಗೆ.

ರಾವೂರಿಗೆ ಫೋನ್ ಮಾಡಿದೆ. ಎತ್ತಿದ್ದು ವೈನಿ ನೀಲಮ್ಮ, ಅಣ್ಣನ ಹೆಂಡತಿ.

"ವೈನಿ, ಆ ತೊಗರಿ ಚೀಲದಾಗ ನೀ ಏನೇನು ಹಾಕೀದಿ?"

"ಯಾಕವ್ವಾ, ಹಿಂಡಿ ಕೆಟ್ಟದೇನು? ಇಷ್ಟು ದಿನ ಬಿಚ್ಚೇ ಇಲ್ಲೇನು ನೀ?"

"ಅಣ್ಣ ಬರೊಬ್ಬರಿ ಇಪ್ಪತ್ತು ತೂಗೀನಿ ಅಂದಿದ್ದ."

"ಅವರು ತೂಗಿದ್ರು, ನಾ ಎಲ್ಲಿ ಇಲ್ಲ ಅಂದೆ? ಅವರು ಅತ್ತಾಗ ಹೋದ ಮ್ಯಾಲ ಅರ್ಧ ಹೊಲಿಗಿ ಬಿಚ್ಚಿ ಮಗಳ ಉಡಿ ತುಂಬೋ ಲೆಕ್ಕಕ್ಕ ಐದು ಬೊಗಸಿ ತೊಗರಿ ಹಾಕೀನಿ. ಮ್ಯಾಲ ಸಾಮಾನು ಹಾಕೀನಿ. ದವಾಖಾನಿಂದ ಬಂದ ಮಗಳಿಗಿ ತೂಕ ಮಾಡಿ ಕಳಸ್ತಾರೇನವ್ವಾ ಯಾರಾರ? ನಾವೇನು ಅಡತಿ ಅಂಗಡಿ ಇಟ್ಟೀವೇನು?"

ನಮ್ಮ ಕಡೆ ಮನೆ ಮಗಳಿಗೆ ತೂಕಕ್ಕೆ ಸರಿಯಾಗಿ ಯಾರೂ ಏನನ್ನೂ ಕೊಡುವುದಿಲ್ಲ. ಇದು ನನಗೆ ಹುಟ್ಟಿನಿಂದ ಗೊತ್ತು. ಅವ್ವ ಇದ್ದಾಗ ನಾನು ಬೇಡ ಬೇಡ ಎಂದಷ್ಟೂ ಚೀಲ ದಪ್ಪವಾಗುತ್ತಿತ್ತು. ತವರಿನಿಂದ ಇಪ್ಪತ್ತು ಕಿಲೋ ತರಿಸಿ, ಅದು ಇಪ್ಪತ್ತೇ ಇರುತ್ತದೆ ಎಂದು ನಂಬಿದ ನಾನು ಮಕ್ಕಳಿಗೆ ಲೆಕ್ಕ ಕಲಿಸುತ್ತೇನೆ.

ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿ, ಮರ್ಯಾದೆ ಬದಿಗಿಟ್ಟು, ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿದೆವು. ಇಪ್ಪತ್ತಮೂರು ಕಿಲೋ. ಇಪ್ಪತ್ತಮೂರನ್ನು ನಾವು ಇಪ್ಪತ್ತು ಎಂದು ಯಂತ್ರಕ್ಕೆ ಕಲಿಸಿದ್ದೆವು. ಅದು ಕಲಿತಂತೆ ಹೇಳುತ್ತಿತ್ತು, ಪಾಪ. ಎಂಬತ್ತು ಎಂದು ತೋರಿಸಿದಾಗ ನಾನು ತುಳಿಯುತ್ತಿದ್ದದ್ದು ತೊಂಬತ್ತೆರಡು. ಅಂಗಡಿಯ ಮೆಟ್ಟಿಲಿನ ಮೇಲೆ ಕೂತು ಬಾಯಲ್ಲೇ ಲೆಕ್ಕ ಹಾಕಿದೆ, ಇನ್ನೊಮ್ಮೆ ಹಾಕಿದೆ. ಉತ್ತರ ಬದಲಾಗಲಿಲ್ಲ. ಸೋತದ್ದು ನನ್ನ ಎದೆಯಲ್ಲ. ಗಿರಾಕಿಗಳ ನಡುವೆ ಕೂತು ಅತ್ತುಬಿಟ್ಟೆ.

ಇವರು ಪಕ್ಕದಲ್ಲಿ ಕೂತರು. "ನಾನೂ ದಿನಾ ಹಿಂದಿಂದ ನೋಡ್ತಿದ್ದೆ. ನಿನ್ನ ಹೆಗಲು ಏರಿಳೀತಿತ್ತು. ಎದಿನೇ ಕೈ ಕೊಡ್ಲಿಕತ್ತದ ಅಂತ ತಿಳ್ಕೊಂಡಿದ್ದೆ. ನಿನಗ ಹ್ಯಾಂಗ ಹೇಳ್ಲಿ ಅಂತ ಸುಮ್ನಿದ್ದೆ."

"ಹಾಲಿಗಿ ಹೋಗ್ತಿದ್ರಿ ಅಲ್ಲೇನ್ರೀ?" ಎಂದೆ.

ಅವರು ಮಾತು ಬದಲಿಸಿ, ಅಂಗಡಿಯವರಿಂದ ಐದು ಕಿಲೋದ ನಾಲ್ಕು ಕಬ್ಬಿಣದ ತೂಕದ ಕಲ್ಲು ಕೇಳಿ ತಂದರು. ಅವನ್ನು ಖಾಲಿ ಚೀಲಕ್ಕೆ ಹಾಕಿ, ಚೀಲ ಸಮೇತ ತೂಗಿಸಿ, ಪೆಡಲಿಗೆ ಕಟ್ಟಿ ಮತ್ತೆ ಲೆಕ್ಕ ತಿದ್ದಿದೆವು. ಮರುದಿನ ಆಡಕಿಯ ದಾರಿಯಲ್ಲಿ ಎಂಬತ್ತಕ್ಕೆ ತುಳಿಯುತ್ತ ಮಗ್ಗಿ ಹೇಳಿ ನೋಡಿದೆ. ಹತ್ತೊಂಬತ್ತರ ಮಗ್ಗಿ ಕೊನೆಯವರೆಗೂ ಬಂತು, ಉಸಿರು ಎಲ್ಲೂ ತಡೆಯಲಿಲ್ಲ. ಅತ್ತ ರಾವೂರಿನಲ್ಲಿ, ತನ್ನ ತಕ್ಕಡಿಯ ಹೆಸರು ಕೆಡಿಸಿದಳೆಂದು ಅಣ್ಣ ವೈನಿಯೊಂದಿಗೆ ಒಂದು ಹೊತ್ತು ಮಾತು ಬಿಟ್ಟನಂತೆ. ವೈನಿಗೆ ಅದರಿಂದ ಆರಾಮವೇ ಆಯಿತಂತೆ.

ದಸರಾ ಆದ ಮೇಲೆ ಡಾಕ್ಟರು ಪರೀಕ್ಷೆ ಮಾಡಿ, ಕಾಗದ ನೋಡಿ, "ಹೋಗಿ ಬರ್ರಿ ರಾವೂರಿಗಿ. ಚಿಂಚೋಳಿ ಗುಡ್ಡ ಮಾತ್ರ ಈ ವರ್ಷ ಬ್ಯಾಡ" ಎಂದರು. ಈ ವರ್ಷ ಎಂಬ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಚಳಿ ಬೀಳುವಾಗ ಒಂದು ಬೆಳಿಗ್ಗೆ ಹೊರಟೆ. ಹೊಲಗಳಲ್ಲಿ ತೊಗರಿ ಹಳದಿ ಹೂ ಬಿಟ್ಟಿತ್ತು. ಸಿಮೆಂಟಿನ ಲಾರಿಗಳು ಎದುರಾದಾಗಲೆಲ್ಲ ಸೆರಗಿನಿಂದ ಮುಖ ಒರೆಸಿಕೊಂಡೆ. ಅವಸರ ಮಾಡಲಿಲ್ಲ. ಏರು ಬಂದಲ್ಲಿ ಅಂಕಿ ಎಂಬತ್ತರ ಹತ್ತಿರ ಬಂದರೆ ನಿಧಾನ ಮಾಡಿದೆ, ಇಳಿಜಾರಿನಲ್ಲಿ ಕಾಲು ಬಿಟ್ಟು ಕೂತೆ. ಹಿಂದೆ ಫಟ್ ಫಟ್ ಬರುತ್ತಲೇ ಇತ್ತು, ಈ ಸಲ ಹಾಲಿನ ನೆಪವಿರಲಿಲ್ಲ.

ಚಿತ್ತಾಪುರದಲ್ಲಿ ಚಹಾಕ್ಕೆ ನಿಂತೆವು. ಇವರು ಸ್ಕೂಟರಿನ ಡಿಕ್ಕಿಯಿಂದ ನನ್ನ ನೀರಿನ ಬಾಟಲಿ, ಗುಳಿಗೆಯ ಡಬ್ಬಿ ತೆಗೆದು ಸೈಕಲ್ಲಿನ ಚೀಲಕ್ಕೆ ಹಾಕಿದರು. "ಇಲ್ಲಿಂದ ನೀನೇ ಹೋಗು. ನಾ ಹೊಳ್ಳಿ ಮನಿಗಿ ಹೊಂಟೀನಿ. ನಾಳಿ ರೈಲಿಗಿ ಬರ್ತೀನಿ."

"ಯಾಕ್ರೀ, ಏನಾಯ್ತು?"

"ಏನೂ ಆಗಿಲ್ಲ. ಅದಕ್ಕೇ ಹೊಂಟೀನಿ," ಎಂದು ಸ್ಕೂಟರನ್ನು ಸೇಡಂ ದಿಕ್ಕಿಗೆ ತಿರುಗಿಸಿದರು. ಎರಡು ಸಲ ಹಿಂದಿರುಗಿ ನೋಡಿದರು, ನಿಲ್ಲಿಸಲಿಲ್ಲ.

ಊರು ದಾಟಿದ ಮೇಲೆ ಕಿವಿಗೊಟ್ಟು ಕೇಳಿದೆ. ಚೈನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಸ್ವಲ್ಪ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅದೂ ಹಿಂದೆ ಉಳಿಯಿತು.

ರಾವೂರಿನ ಮನೆಯ ಮುಂದೆ ವೈನಿ ಹಪ್ಪಳ ಒಣಗಿಸುತ್ತಿದ್ದಳು. ನನ್ನನ್ನು ಕಂಡು ಎದ್ದವಳು ನನ್ನ ಬೆನ್ನ ಹಿಂದಿನ ದಾರಿಯನ್ನು ನೋಡುತ್ತ ನಿಂತಳು. ಅಲ್ಲಿ ಯಾರೂ ಕಾಣದೆ, "ಯಾರ ಜೋಡಿ ಬಂದೀದೆವ್ವಾ?" ಎಂದಳು.

"ಒಬ್ಬಾಕೇ ಬಂದೀನಿ ವೈನಿ," ಎಂದೆ.

ಹಾಗೆ ಹೇಳಿ ಒಂದು ವರ್ಷದ ಮೇಲಾಗಿತ್ತು. ಅವಳಿಗೆ ಕೇಳಿಸಿತ್ತು. ಆದರೂ ಇನ್ನೊಮ್ಮೆ ಹೇಳಿದೆ.